ತೊಟ್ಟಿಲಿಗೆ ತಕ್ಕ ಬೋರ್ಡು

ಫರ್ಗಾನಾ ಕಣಿವೆಯ ರಿಷ್ತಾನ್ ಊರಿನ ಭೌತಶಾಸ್ತ್ರದ ಮೇಷ್ಟರು ತೋಜಿದ್ದೀನ್ ಅವರಿಗೆ ಒಂದು ಚಟವಿತ್ತು. ಕುಡಿತವಲ್ಲ, ಜೂಜಲ್ಲ, ಅವೆರಡರಲ್ಲಿ ಯಾವುದಾಗಿದ್ದರೂ ಹೇಗೋ ಸುಧಾರಿಸಬಹುದಿತ್ತು ಎಂದು ಹೆಂಡತಿ ರಿಸೋಲತ್ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮೇಷ್ಟರ ಚಟ ಅಂಗೈಯಗಲದ ಬೋರ್ಡುಗಳದ್ದು. ನಡುವೆ ಒಂದು ಕರಿ ಚಿಪ್, ಅಂಚಿಗೆ ಸಾಲು ಸಾಲು ತಂತಿಕಡ್ಡಿ. ಕಂಪ್ಯೂಟರಿನಿಂದ ಒಂದೇ ಒಂದು ಸಲ ಪಾಠ ಹೇಳಿಕೊಟ್ಟರೆ ಸಾಕು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಿದ್ದಿರುವ ಜಾತಿ. ಅರ್ಧ ಆಯುಷ್ಯ ಮಕ್ಕಳಿಗೆ ಪಾಠ ಹೇಳಿ ಸುಸ್ತಾದವರಿಗೆ ಇಂಥ ಶಿಷ್ಯ ಸಿಕ್ಕರೆ ತಲೆ ತಿರುಗದೆ ಇನ್ನೇನಾದೀತು.

ಮನೆಯಲ್ಲಿದ್ದದ್ದು ಒಂದು ಹಳೆಯ ನೀಲಿ ಬೋರ್ಡು. ಅದರಿಂದ ದ್ರಾಕ್ಷಿ ಚಪ್ಪರಕ್ಕೆ ತಾನಾಗಿ ನೀರು ಬಿಡುವ ಏರ್ಪಾಡು ಮಾಡಿದರು. ಅದು ಜಡಿಮಳೆಯಲ್ಲೂ ನಿಯತ್ತಾಗಿ ನೀರು ಬಿಟ್ಟಿತು. ಕೋಳಿಗೂಡಿನ ಬಾಗಿಲು ಹೊತ್ತು ಮುಳುಗಿದೊಡನೆ ಮುಚ್ಚಿಕೊಳ್ಳುವಂತೆ ಮಾಡಿದರು. ಮೋಡ ಕವಿದ ಒಂದು ಮಧ್ಯಾಹ್ನ ಅದು ಕೋಳಿಗಳನ್ನೆಲ್ಲ ಹೊರಗಿಟ್ಟು, ಬೆಕ್ಕನ್ನು ಒಳಗಿಟ್ಟು ಮುಚ್ಚಿಕೊಂಡಿತು. ಪ್ರತಿಸಲವೂ ಮೇಷ್ಟರು ಹೇಳುತ್ತಿದ್ದದ್ದು ಒಂದೇ ಮಾತು: "ಬೋರ್ಡು ಚಿಕ್ಕದಾಯ್ತು. ಇನ್ನೊಂಚೂರು ದೊಡ್ಡದಿದ್ದಿದ್ರೆ ಹೀಗಾಗ್ತಿರ್ಲಿಲ್ಲ." ತಪ್ಪು ಮೇಷ್ಟರದ್ದಿರಬಹುದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೆಕ್ಕು ಕೂಡ.

ಆ ವರ್ಷ ಖರಬೂಜದ ಕಾಲಕ್ಕೆ ಮುಂಚೆ ಅವರ ಒಬ್ಬಳೇ ಮಗಳು ನಸೀಬಾ ಹೆತ್ತಳು. ಗಂಡು ಮಗು, ಜಾಸುರ್ ಎಂದು ಹೆಸರಿಟ್ಟರು. ನಸೀಬಾಳನ್ನು ಕೊಟ್ಟದ್ದು ಮಾರ್ಗಿಲಾನಿಗೆ. ಚೊಚ್ಚಲ ಮಗುವಿಗೆ ತೊಟ್ಟಿಲು ತರಬೇಕಾದವರು ತವರಿನವರು. ಬೀಗರ ಮನೆಯಲ್ಲಿ ತೊಟ್ಟಿಲ ಶಾಸ್ತ್ರದ ದಿನ ಬಂದ ಹೆಂಗಸರು ಮೊದಲು ತೊಟ್ಟಿಲನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಮಗುವಿನ ಕಡೆ ತಿರುಗುತ್ತಾರೆ. ಆದ್ದರಿಂದ ರಿಸೋಲತ್ ಆರು ತಿಂಗಳು ಮೊದಲೇ ಬಡಗಿಗೆ ಹೇಳಿ, ಬಾಗಿದ ಕಾಲುಗಳ ಮೇಲೆ ತೂಗುವ, ಕೆಂಪು ಹಳದಿ ಬಳ್ಳಿ ಬರೆದ ತೊಟ್ಟಿಲು ಮಾಡಿಸಿಟ್ಟಿದ್ದರು. ಮೇಷ್ಟರ ಪಾಲಿಗೆ ಬಂದದ್ದು ವ್ಯಾನು ಗೊತ್ತುಮಾಡುವ ಕೆಲಸ ಮಾತ್ರ. ಅವರು ಅಷ್ಟು ಮಾಡಿ ಸುಮ್ಮನಿದ್ದಿದ್ದರೆ ನಾನು ಹೇಳುವುದಕ್ಕೇನೂ ಇರುತ್ತಿರಲಿಲ್ಲ.

ಸುಮ್ಮನಿರದಂತೆ ಮಾಡಿದ್ದು ಒಂದು ಪಿಂಗಾಣಿ ಬಟ್ಟಲು ಟೀ. ನಲವತ್ತು ದಿನದ ಬಾಣಂತನ ಮುಗಿದು ನಸೀಬಾ ಮತ್ತೆ ಮನೆಗೆಲಸಕ್ಕೆ ನಿಂತ ಮೇಲೆ ಗಂಡಹೆಂಡಿರಿಬ್ಬರೂ ಅವಳನ್ನು ನೋಡಲು ಹೋಗಿದ್ದರು. ಸೊಸೆಯಾದವಳು ಬಂದವರಿಗೆ ಟೀ ಬಗ್ಗಿಸಬೇಕು. ನಸೀಬಾ ಅಪ್ಪನ ಎದುರು ಕೂತು ಬಗ್ಗಿಸಿದಳು, ಬಗ್ಗಿಸುತ್ತಲೇ ಇದ್ದಳು. ಬಟ್ಟಲು ತುಂಬಿತು, ಹೊರಚೆಲ್ಲಿತು, ಹಾಸಿನ ಮೇಲೆ ಹರಿದು ಮೇಷ್ಟರ ಮೊಣಕಾಲಿಗೆ ಬಂತು. ಅವಳು ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದಳು.

"ನಸೀಬಾ, ಟೀ ಚೆಲ್ತಿದೆ, ನೋಡ್ಕೋ." ಅಂಗಳದ ಆಚೆ ಬದಿಯ ಅಡುಗೆಮನೆಯ ಬಾಗಿಲಿಂದ ಇದನ್ನು ಕಂಡ ಅವಳ ಅತ್ತೆ ಹದೀಚಾ ಅವರ ದನಿ ಬಂತು. ಮಗು ಬೆಚ್ಚಿ ಕಿರುಚಿತು. ನಸೀಬಾ ಟೀ ಪಾತ್ರೆ ಇಟ್ಟು ಮಗುವಿನ ಕಡೆ ಓಡಿದಳು.

ಹದೀಚಾ ಕೆಟ್ಟವರಲ್ಲ. ಸೊಸೆಗೆ ಉಣ್ಣಲು ಉಡಲು ಕಡಿಮೆ ಮಾಡಿದವರಲ್ಲ. ಆದರೆ ಪ್ರಾಯವನ್ನೆಲ್ಲ ರೇಷ್ಮೆ ಮಿಲ್ಲಿನ ಮಗ್ಗಗಳ ನಡುವೆ ಕಳೆದವರು. ಅಲ್ಲಿ ಪಕ್ಕದಲ್ಲಿ ನಿಂತವಳಿಗೆ ಒಂದು ಮಾತು ಹೇಳಬೇಕಾದರೂ ಎದೆಯ ಬಲವೆಲ್ಲ ಹಾಕಿ ಕೂಗಬೇಕು. ಮಿಲ್ಲಿನಿಂದ ನಿವೃತ್ತಿಯಾದರು, ದನಿ ನಿವೃತ್ತಿಯಾಗಲಿಲ್ಲ. ಅವರು ಉಪ್ಪು ಕೊಡು ಎಂದರೆ ಹಿಂದಿನ ಬೀದಿಯವರೂ ಉಪ್ಪಿನ ಡಬ್ಬಿ ಹುಡುಕುವ ಹಾಗಿತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಮೇಷ್ಟರು ಒದ್ದೆ ಮೊಣಕಾಲನ್ನೇ ನೋಡಿಕೊಂಡು ಕೂತಿದ್ದರು.

"ಅವ್ಳು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ," ಎಂದರು.

"ಚೊಚ್ಚಲು. ಎಲ್ರಿಗೂ ಹಾಗೇ ಆಗತ್ತೆ. ನಂಗಾಗಿಲ್ವಾ?"

"ನಿಂಗೆ ನಮ್ಮಮ್ಮ ಒಂದು ದಿನ ಜೋರಾಗಿ ಮಾತಾಡಿದ್ದುಂಟಾ?"

"ಮಾತೇ ಆಡ್ತಿರ್ಲಿಲ್ವಲ್ರೀ. ಅದು ಇನ್ನೂ ಕಷ್ಟ ಇತ್ತು," ಎಂದು ರಿಸೋಲತ್ ಕಿಟಕಿಯಾಚೆ ನೋಡಿದರು. ಸ್ವಲ್ಪ ದೂರ ಹೋದ ಮೇಲೆ ತಿರುಗಿದರೆ, ಗಂಡನ ಮುಖದ ಮೇಲೆ ಬೋರ್ಡಿನ ಕಳೆ ಬಂದಿತ್ತು.

ತೊಟ್ಟಿಲು ತಾನಾಗಿ ತೂಗಬೇಕು. ಮಗು ಅತ್ತರೆ ತೊಟ್ಟಿಲೇ ಕೇಳಿಸಿಕೊಂಡು ತೂಗಬೇಕು, ಸುಮ್ಮನಾದರೆ ನಿಲ್ಲಬೇಕು, ಮಗಳು ಮಲಗಿರಬೇಕು. ಮೇಷ್ಟರ ಯೋಜನೆ ಇಷ್ಟೇ. ಒಂದು ಹಳೆಯ ಕಾರಿನ ಗಾಜು ಒರೆಸುವ ಮೋಟರನ್ನು ತಂದು ತೊಟ್ಟಿಲ ಅಡಿಗೆ ಬಿಗಿದರು.

ಪ್ರಯೋಗಕ್ಕೆ ಮೊದಲೇ ರಿಸೋಲತ್ ಬಂದು ಅಡ್ಡ ನಿಂತರು. ಖಾಲಿ ತೊಟ್ಟಿಲನ್ನು ತೂಗಬಾರದೆಂದು ಫರ್ಗಾನಾ ಕಣಿವೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ತೂಗಿದರೆ ಕೇಡು ಬರುವುದು ಮಗುವಿಗೆ. "ಇದು ಖಾಲಿ ಅಲ್ಲಾಡ್ತೋ, ನಿಮ್ಮ ಸಾಮಾನೆಲ್ಲ ಕಾಲುವೆಗೆ," ಎಂದವರೇ ಒಳಗೆ ಹೋಗಿ ಉದ್ದನೆಯ ಖರಬೂಜವೊಂದನ್ನು ತಂದರು. ಅದಕ್ಕೆ ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿ, ಮಗುವಿಗೆ ಕಟ್ಟುವ ಹಾಗೆಯೇ ಪಟ್ಟಿ ಕಟ್ಟಿದರು.

"ತಲೆ ಯಾವ ಕಡೆ?" ಎಂದು ಕೇಳಿದರು ಮೇಷ್ಟರು.

"ತೊಟ್ಟು ಇರೋ ಕಡೆ."

ನೀಲಿ ಬೋರ್ಡು ತೂಗಿತು, ಚೆನ್ನಾಗಿಯೇ ತೂಗಿತು. ಆದರೆ ಅದಕ್ಕೊಂದು ಪುಟ್ಟ ಮೈಕು ಜೋಡಿಸಿ ಕಿವಿ ಕೊಟ್ಟದ್ದೇ ತಡ, ಅದರ ಬುದ್ಧಿ ಎರಡು ಕೆಲಸಕ್ಕೆ ಸಾಲದೆ ಹೋಯಿತು. ತೂಗಲು ಹೋದರೆ ಕೇಳುವುದನ್ನು ಮರೆಯುತ್ತಿತ್ತು; ಕೇಳಲು ನಿಂತರೆ ತೂಗುವುದನ್ನು. ಸಂಜೆಯವರೆಗೆ ಹೆಣಗಿ ಮೇಷ್ಟರು ಎದ್ದು ನಿಂತರು.

"ಬೋರ್ಡು ಚಿಕ್ಕದು," ಎಂದರು.

"ಗೊತ್ತಿತ್ತು," ಎಂದರು ರಿಸೋಲತ್.

ಫರ್ಗಾನಾ ಪೇಟೆಯಲ್ಲಿ ಎರ್ಗಶ್ ಎಂಬವನ ಅಂಗಡಿಯಿತ್ತು. ಮೇಷ್ಟರ ಹಳೆಯ ವಿದ್ಯಾರ್ಥಿ, ಭೌತಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗ ಭೌತಶಾಸ್ತ್ರದಿಂದಲೇ ಎರಡು ಮಾಳಿಗೆ ಕಟ್ಟಿಸಿದ್ದ. ಅವನು ಗಾಜಿನ ಮೇಜಿನ ಮೇಲೆ ಎರಡು ಬೋರ್ಡು ಇಟ್ಟ, ಒಂದು ಕಪ್ಪು, ಒಂದು ಹಸಿರು.

"ನೋಡಿ ಮೇಷ್ಟ್ರೇ, ಈ ಕಪ್ಪಿಗೆ ಎರಡು ತಲೆ. ಒಂದು ಕೇಳ್ತಾ ಕೂತ್ರೆ ಇನ್ನೊಂದು ತೂಗುತ್ತೆ. ಗಂಡ ಹೆಂಡ್ತಿ ಇದ್ದಂಗೆ."

"ಯಾವ ಮನೇಲಯ್ಯಾ ಗಂಡ ತೂಗ್ತಾನೆ?"

"ಅದಕ್ಕೇ ಅಲ್ವಾ ಜನ ಬೋರ್ಡು ತಗೊಳ್ಳೋದು." ಎರ್ಗಶ್ ಹಸಿರನ್ನು ಮುಂದೆ ಸರಿಸಿದ. "ಇದು ಬೋರ್ಡೇ ಅಲ್ಲ, ಪೂರ್ತಿ ಕಂಪ್ಯೂಟರು. ನೂರಾರು ಮಕ್ಕಳ ಅಳು ಕೇಳಿಸಿ ಪಾಠ ಮಾಡ್ಬೇಕು. ಆಮೇಲೆ ಇದು ಅಳು, ಇದು ಮಾತು, ಇದು ಪಕ್ಕದ್ಮನೆ ಕತ್ತೆ ಅಂತ ಬೇರೆ ಬೇರೆ ಮಾಡಿ ತೋರ್ಸತ್ತೆ. ಬಿಸಿ ಆಗತ್ತೆ, ಮೇಲೊಂದು ಸಣ್ಣ ಫ್ಯಾನು ಕೂರಿಸ್ಬೇಕು."

ಮೇಷ್ಟರ ಬೆರಳು ಆಗಲೇ ಹಸಿರಿನ ಅಂಚನ್ನು ಸವರುತ್ತಿತ್ತು. ಅಂಥದ್ದನ್ನು ಅವರು ಚಿತ್ರದಲ್ಲಷ್ಟೇ ನೋಡಿದ್ದರು. ಆದರೆ ಶಾಸ್ತ್ರ ಬರುವ ಭಾನುವಾರ; ಪಾಠ ಮಾಡಲು ಹೊತ್ತಿರಲಿಲ್ಲ.

"ಕಪ್ಪಿಗೆ ಅಳು ಯಾವ್ದು, ಮಾತು ಯಾವ್ದು ಅಂತ ಗೊತ್ತಾಗಲ್ವಾ?"

"ಇಲ್ಲ. ಸದ್ದು ಜೋರಾಯ್ತಾ, ತೂಗು. ಅಷ್ಟೇ ಅದರ ಬುದ್ಧಿ. ಆ ಮನೇಲಿ ಜೋರು ಮಾತಿನವರು ಯಾರಾದ್ರೂ ಇದ್ದಾರಾ?"

ಮೇಷ್ಟರು ಹಸಿರಿನ ಮೇಲಿಂದ ಬೆರಳು ತೆಗೆದರು. "ಮರ್ಯಾದಸ್ಥರ ಮನೆ," ಎಂದರು.

"ಹಾಗಾದ್ರೆ ಕಪ್ಪೇ ಸಾಕು. ಮೇಲಿಂದ ನೀರೇನಾದ್ರೂ ಬೀಳತ್ತಾ?"

"ನೀರಲ್ಲ."

ಎರ್ಗಶ್ ಕೂಡ ಅಂಥದ್ದೇ ತೊಟ್ಟಿಲಲ್ಲಿ, ನಡುವಿನ ತೂತು, ಅದರಡಿ ಉಚ್ಚೆ ಹಿಡಿಯುವ ಮಣ್ಣಿನ ಕುಡಿಕೆಯ ಮೇಲೆ ಬೆಳೆದವನು. ಹೆಚ್ಚು ಕೇಳದೆ, ಒದ್ದೆಯಾಗದ ಒಂದು ಡಬ್ಬಿಯನ್ನು ಪುಕ್ಕಟೆ ಕೊಟ್ಟ.

ಮನೆಗೆ ಬಂದು ಕಪ್ಪು ಬೋರ್ಡನ್ನು ಕೂರಿಸಿದ ಮೇಲೆ ಅಳುವ ಮಗುವೊಂದು ಬೇಕಾಯಿತು. ಖರಬೂಜಕ್ಕೆ ಅಳು ಬಾರದು. ಕೊನೆಗೆ ಮೇಷ್ಟರೇ ತೊಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಅತ್ತರು. ತೊಟ್ಟಿಲು ಮೆಲ್ಲನೆ ತೂಗಿತು. ಇನ್ನೂ ಜೋರಾಗಿ ಅತ್ತರು. ಇನ್ನೂ ಜೋರಾಗಿ ತೂಗಿತು. ಅವರು ಅದಕ್ಕೆ ಹಾಗೆಯೇ ಕಲಿಸಿದ್ದರು. ಖುಷಿಗೆ ಮತ್ತಷ್ಟು ಅತ್ತರು.

ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ತಲೆ ಕಾಣಿಸಿತು. "ರಿಸೋಲತ್, ಮನೇಲಿ ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ ಕಣೇ. ನಮ್ಮನೆಯವ್ರು ಖರಬೂಜ ಮಲಗಿಸ್ತಿದ್ದಾರೆ."

ಆಕೆ ಖರಬೂಜವನ್ನೊಮ್ಮೆ, ಮೇಷ್ಟರನ್ನೊಮ್ಮೆ ನೋಡಿ ಇಳಿದುಹೋದಳು.

ಯಂತ್ರದ ವಿಷಯ ಬೀಗರ ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಗಂಡಹೆಂಡಿರು ಮಾತಾಡಿಕೊಂಡರು. ಶಾಸ್ತ್ರ ಮುಗಿದು ನೆಂಟರು ಹೊರಟ ಮೇಲೆ ನಸೀಬಾಳನ್ನು ಒಂದು ಕಡೆ ಕರೆದು, ತೊಟ್ಟಿಲ ಅಡಿಯ ಸ್ವಿಚ್ಚು ಎಲ್ಲಿದೆ ಎಂದು ತೋರಿಸುವುದು. ಅಲ್ಲಿಯವರೆಗೆ ತೊಟ್ಟಿಲು ಬರೀ ತೊಟ್ಟಿಲು. ಈ ಲೆಕ್ಕ ತಪ್ಪಿದ್ದು ರಸ್ತೆಯ ಹಳ್ಳದಿಂದ. ವ್ಯಾನು ಎತ್ತಿ ಕುಕ್ಕಿದ ರೀತಿಗೆ ಯಾವುದಾದರೂ ತಂತಿ ಬಿಟ್ಟುಹೋಗಿರಬಹುದೆಂದು ಮೇಷ್ಟರಿಗೆ ಹೆದರಿಕೆಯಾಗಿ, ಬೀಗರ ಬಾಗಿಲಲ್ಲಿ ಇಳಿಯುವ ಮೊದಲು ಸ್ವಿಚ್ಚು ಹಾಕಿ ನೋಡಿದರು. ಸಣ್ಣ ದೀಪ ಹೊತ್ತಿತು, ಸಮಾಧಾನವಾಯಿತು. ಅಷ್ಟರಲ್ಲಿ ಡೋಲು, ತುತ್ತೂರಿ, ನೆಂಟರು ಎಲ್ಲ ಒಟ್ಟಿಗೆ ಬಂದು ಮುತ್ತಿಕೊಂಡರು. ಆರಿಸುವುದು ಮರೆತೇಹೋಯಿತು; ಆ ಗದ್ದಲಕ್ಕೆ ತೊಟ್ಟಿಲು ಅಲುಗಿದರೂ ಹೊತ್ತವರ ನಡಿಗೆಗೆ ಅಲುಗಿದಂತೆಯೇ ಕಂಡಿತು.

ತೊಟ್ಟಿಲನ್ನು ಹೆಂಗಸರ ಕೋಣೆಯಲ್ಲಿಟ್ಟು ಗಂಡಸರು ಹೊರಗೆ ಹೋಗಬೇಕು. ಮೇಷ್ಟರು ಹಾಸು ಸರಿಮಾಡುವವರಂತೆ ಬಾಗಿಲಲ್ಲೇ ಸುಳಿದಾಡಿದರು. ಒಳಗೆ ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪಿನ ಹೊಗೆ ತುಂಬಿತ್ತು, ಹೆಂಗಸರೆಲ್ಲ ಮಾತು ನಿಲ್ಲಿಸಿ ಕಾದಿದ್ದರು. ಮನೆಯ ಹಿರಿಯಾಕೆ, ಹದೀಚಾ ಅವರ ಅತ್ತೆ ಬಖ್ಮಲ್ ಬುವಿ, ಅಂದರೆ ಬಖ್ಮಲಜ್ಜಿ, ಮಗುವನ್ನು ಎತ್ತಿಕೊಂಡು ತೊಟ್ಟಿಲ ಬಳಿ ಬಂದರು. ಬಾಯಲ್ಲಿ ಹಲ್ಲಿಲ್ಲ, ಕಿವಿ ಮಂದ, ಕಣ್ಣು ಮಾತ್ರ ಚುರುಕು. ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಅಜ್ಜಿ ಬೇಕೆಂದೇ ಮಗುವನ್ನು ತಲೆಕೆಳಗಾಗಿ, ಕಾಲಿಡುವ ಕಡೆ ತಲೆ ಮಾಡಿ ಹಿಡಿದು ಕೇಳಬೇಕು, ಹೆಂಗಸರೆಲ್ಲ ಅಲ್ಲ ಎಂದು ಕೂಗಬೇಕು.

"ಹೀಗೇನ್ರೇ?" ಎಂದರು ಬುವಿ.

"ಅಲ್ಲ," ಎಂದು ಇಡೀ ಕೋಣೆ ಒಟ್ಟಿಗೆ ಕೂಗಿತು.

ಖಾಲಿ ತೊಟ್ಟಿಲು ತೂಗತೊಡಗಿತು.

ಕೂಗಿದ ಬಾಯಿಗಳು ತೆರೆದ ಹಾಗೆಯೇ ನಿಂತವು. ಸದ್ದಡಗಿತು, ತೊಟ್ಟಿಲೂ ನಿಂತಿತು. ಸ್ವಿಚ್ಚು ಆರಿಸಿಲ್ಲವೆಂಬುದು ಮೇಷ್ಟರಿಗೆ ಆಗ ನೆನಪಾಯಿತು.

"ಯಾರು ತೂಗಿದ್ದು ಅದನ್ನ?" ಎಂದರು ಹದೀಚಾ. ತೊಟ್ಟಿಲು ಮತ್ತೆ ಹೊರಟಿತು. "ಹಿಡ್ಕೊಳ್ರೇ ಯಾರಾದ್ರೂ," ಎಂದರು. ಅದು ಇನ್ನೂ ರಭಸವಾಗಿ ತೂಗಿತು. ಅವರು ಎಷ್ಟು ಹೆದರಿದರೋ ಅಷ್ಟು ಜೋರಾಗಿ ಕೂಗಿದರು. ಅವರು ಎಷ್ಟು ಕೂಗಿದರೋ ಅಷ್ಟು ಅದು ಕುಣಿಯಿತು. ಮೂಲೆಯಲ್ಲಿದ್ದ ಒಬ್ಬ ಚಿಕ್ಕಮ್ಮ ಕೇಡು, ಕೇಡು ಎಂದು ಅಳಲು ಶುರುಮಾಡಿದಳು. ನಸೀಬಾಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಮೇಷ್ಟರಿಗೆ ತನ್ನ ಕೈಯನ್ನು ತಾನೇ ಕಡಿದುಹಾಕುವಷ್ಟು ಸಂಕಟವಾಯಿತು.

ಆಗ ಅವರೊಬ್ಬರ ಕಣ್ಣಿಗೆ ಮಾತ್ರ ಒಂದು ಸಂಗತಿ ಬಿತ್ತು. ಬಖ್ಮಲ್ ಬುವಿ ಮಗುವನ್ನು ಎಡಗೈಗೆ ಬದಲಾಯಿಸಿಕೊಂಡು, ಪಕ್ಕದ ತಟ್ಟೆಯಿಂದ ಒಂದು ಸಣ್ಣ ರೊಟ್ಟಿಯನ್ನು ಬಲಗೈ ತೋಳಿನ ಒಳಗೆ ಸೇರಿಸಿ, ತೊಟ್ಟಿಲು ಹಿಡಿಯುವವರಂತೆ ಬಗ್ಗಿ, ಅದನ್ನು ತಲೆದಿಂಬಿನ ಅಡಿಗೆ ಜಾರಿಸಿದರು. ಆ ವಯಸ್ಸಿನಲ್ಲಿ ಅಂಥ ಕೈಚಳಕವನ್ನು ಮೇಷ್ಟರು ಸರ್ಕಸ್ಸಿನಲ್ಲೂ ಕಂಡಿರಲಿಲ್ಲ.

"ಯಾಕ್ರೇ ಬಾಯಿ ಬಡ್ಕೋತೀರಾ? ದಿಂಬಿನ ಕೆಳಗೆ ರೊಟ್ಟಿ ಇಟ್ಟಿದೀನಿ ನಾನು. ರೊಟ್ಟಿ ಇರೋ ತೊಟ್ಟಿಲು ಖಾಲಿ ಹೆಂಗಾಯ್ತು?" ದಿಂಬು ಎತ್ತಿ ತೋರಿಸಿದರು. ರೊಟ್ಟಿ ಇತ್ತು. ರೊಟ್ಟಿಯ ಎದುರು ವಾದ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ. ಅಳುತ್ತಿದ್ದ ಚಿಕ್ಕಮ್ಮನೂ ಮೂಗು ಒರೆಸಿಕೊಂಡಳು.

"ಸರಿ. ಈಗ ತೂಗಿದ್ದು ಯಾರು ಅಂತ ಹೇಳ್ಲಿ," ಎಂದು ಬುವಿ ಬಾಗಿಲ ಕಡೆ ನೆಟ್ಟಗೆ ನೋಡಿದರು.

ಮೇಷ್ಟರು ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದು, ಮೋಟರು, ಮೈಕು, ಬೋರ್ಡು, ಬ್ಯಾಟರಿ ಎಲ್ಲ ಹೇಳಿಬಿಟ್ಟರು. ಹೆಂಗಸರಿಗೆ ಅರ್ಥವಾದದ್ದು ಬ್ಯಾಟರಿ ಎಂಬ ಮಾತೊಂದೇ.

"ನಮ್ಮನೆ ಸೊಸೆಗೆ ಕೈಯಿಲ್ವಾ ಬೀಗರೇ? ನನ್ನ ಮೊಮ್ಮಗನ್ನ ಬ್ಯಾಟರಿ ತೂಗ್ಬೇಕಾ?" ಎಂದರು ಹದೀಚಾ. ಅವರು ಮಾತು ಮುಗಿಸುವವರೆಗೂ ತೊಟ್ಟಿಲು ರೊಟ್ಟಿಯನ್ನು ತೂಗುತ್ತಲೇ ಇತ್ತು.

"ಕೈಯಿದೆ ಬೀಗಿತ್ತಿ. ನಿದ್ದೆ ಇಲ್ಲ," ಎಂದರು ಮೇಷ್ಟರು. ಹೇಳಿದ ಮೇಲೆ ತಮಗೇ ಗಾಬರಿಯಾಯಿತು. ಬೀಗರ ಮನೆಯಲ್ಲಿ, ಅಷ್ಟು ಜನರ ಎದುರು, ಹೆಣ್ಣು ಕೊಟ್ಟವನು ಆಡುವ ಮಾತಲ್ಲ ಅದು. ನಸೀಬಾ ತಲೆ ತಗ್ಗಿಸಿದಳು.

ಬುವಿ ತಡಮಾಡಲಿಲ್ಲ. ಮಗುವನ್ನು ಸರಿಯಾಗಿ ಮಲಗಿಸಿ, "ಹೀಗೇನ್ರೇ?" ಎಂದರು. ಹೆಂಗಸರು ಈ ಸಲ ತೊಟ್ಟಿಲನ್ನು ಓರೆಗಣ್ಣಿಂದ ನೋಡುತ್ತ, "ಹೌದು" ಎಂದು ಉಸಿರಿನಲ್ಲೇ ಹೇಳಿದರು. ಪಟ್ಟಿ ಕಟ್ಟಿದೊಡನೆ ಜಾಸುರ್ ಬಾಯಿಬಿಟ್ಟು ಕಿರುಚಿದ. ತೊಟ್ಟಿಲು ತೂಗಿತು. ಅವನು ಅಳು ನಿಲ್ಲಿಸಿ, ಇದು ಯಾರ ಕೈ ಎಂದು ಯೋಚಿಸುವವನ ಹಾಗೆ ಕಣ್ಣು ಮಿಟುಕಿಸಿ, ನಿದ್ದೆ ಹೋದ. ತೊಟ್ಟಿಲು ನಿಂತಿತು.

"ನನ್ನ ಕಾಲದಲ್ಲಿ ಇದು ಇದ್ದಿದ್ರೆ ಇನ್ನೂ ನಾಲ್ಕು ಹೆರ್ತಿದ್ದೆ," ಎಂದರು ಬುವಿ.

ಕೋಣೆ ಬಾಯಿ ಮುಚ್ಚಿಕೊಂಡು ನಕ್ಕಿತು. ಹದೀಚಾ ಕೂಡ ಸೋತವರಂತೆ, "ಇರ್ಲಿ ಬಿಡಿ," ಎಂದರು. ಆ ಎರಡು ಪದಕ್ಕೂ ತೊಟ್ಟಿಲು ಎರಡು ಸಲ ತೂಗಿತು. ಈಗ ನಗು ಛಾವಣಿ ಮುಟ್ಟಿತು, ತೊಟ್ಟಿಲೂ ಜೊತೆಗೆ ತೂಗಿತು. ಹದೀಚಾ ಅವರ ಮುಖ ಕೆಂಪಗಾಯಿತು.

ಮೇಷ್ಟರು ನಗಲಿಲ್ಲ. ತನ್ನ ಮನೆಯಲ್ಲೇ, ತಾನು ಕರೆದ ನೆಂಟರ ಎದುರೇ ಆ ಹೆಂಗಸು ನಗೆಪಾಟಲಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಸಿಟ್ಟು ನಾಳೆ ಯಾರ ಮೇಲೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳಿಗೆ ನಿದ್ದೆ ಕೊಡಿಸಲು ಹೋಗಿ ಇದ್ದ ನೆಮ್ಮದಿಯನ್ನೂ ಕಳೆದೆನಲ್ಲ ಎಂದು ವಾಪಸು ಬರುವ ದಾರಿಯುದ್ದಕ್ಕೂ ಒದ್ದಾಡಿದರು.

"ಬೋರ್ಡು ಚಿಕ್ಕದಾಯ್ತು," ಎಂದರು ಕೊನೆಗೆ.

ರಿಸೋಲತ್ ಕಣ್ಣು ಮುಚ್ಚಿಕೊಂಡರು. ಮರುದಿನ ಮೇಷ್ಟರು ಫರ್ಗಾನಾಕ್ಕೆ ಹೋಗಿ ಹಸಿರು ಬೋರ್ಡನ್ನು ತಂದರು.

ಅದಕ್ಕೆ ಪಾಠ ಮಾಡುವುದು ಶಾಲೆಯ ಪಾಠಕ್ಕಿಂತ ಕಷ್ಟವಾಯಿತು. ಬೀದಿಯಲ್ಲಿ ಹಸುಗೂಸಿರುವ ಮನೆಗಳಿಗೆಲ್ಲ ಹೋಗಿ ಅಳು ಹಿಡಿದು ತಂದರು. ಮಗು ಅಳದಿದ್ದರೆ ಅಳುವವರೆಗೆ ಕೂತಿದ್ದು ಟೀ ಕುಡಿದು ಬಂದರು. ಇದು ಅಳುವಲ್ಲ ಎಂದು ಕಲಿಸಲು ಹದೀಚಾ ಅವರ ದನಿಯೂ ಬೇಕಿತ್ತು. ಅದೃಷ್ಟಕ್ಕೆ ಮಗಳ ಮದುವೆಯ ವೀಡಿಯೊದಲ್ಲಿ ಅವರು ವಧೂವರರಿಗೆ ಮಾಡಿದ ಉದ್ದನೆಯ ಹಾರೈಕೆ ಸಿಕ್ಕಿತು. ಅದನ್ನು ಬೆಳಗಿಂದ ಸಂಜೆಯವರೆಗೆ ಹಾಕಿದರು. ಬಾಳಿರಿ, ಬದುಕಿರಿ, ಮೊಸರಲ್ಲಿ ಕೈ ತೊಳೆಯಿರಿ ಎಂದು ಮನೆಯ ಗೋಡೆಗಳು ಅದುರಿದವು.

"ಬೀಗಿತ್ತಿನ ಇಲ್ಲಿಗೇ ಕರ್ಕೊಂಡ್ಬಂದು ಕೂರಿಸಿಬಿಟ್ರಲ್ರೀ," ಎಂದು ರಿಸೋಲತ್ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದರು.

ಒಂದು ದಿನ ಗೆದ್ದರು. ಹಾರೈಕೆ ಎಷ್ಟು ಜೋರಾಗಿ ಹಾಕಿದರೂ ಹೊಸ ಬೋರ್ಡಿಗೆ ಕಟ್ಟಿದ ಇನ್ನೊಂದು ಮೋಟರು ಅಲುಗಲಿಲ್ಲ. ಮೇಷ್ಟರು ಮಗುವಿನಂತೆ ಸಣ್ಣಗೆ ಕುಸುಗುಟ್ಟಿದರೂ ತಿರುಗಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವರು ಮಾಡಿದ ಯಂತ್ರವೊಂದು ಅಂದುಕೊಂಡಂತೆ ನಡೆದಿತ್ತು. ಬೋರ್ಡನ್ನು ಮಿಠಾಯಿ ಡಬ್ಬಿಯಲ್ಲಿಟ್ಟು, ಒಬ್ಬರೇ ಮಾರ್ಗಿಲಾನಿಗೆ ಹೊರಟರು.

ಬೀಗರ ಬೀದಿಗೆ ತಿರುಗಿದರೆ ಯಾವಾಗಲೂ ಮೊದಲು ಹದೀಚಾ ಅವರ ದನಿ ಸಿಗುತ್ತಿತ್ತು, ಆಮೇಲೆ ಮನೆ. ಈ ಸಲ ಮನೆ ಬಂದರೂ ದನಿ ಬರಲಿಲ್ಲ. ಯಾರಿಗಾದರೂ ಹುಷಾರಿಲ್ಲವೇನೋ ಎಂದು ಮೇಷ್ಟರು ಹೆದರಿ ಬಾಗಿಲು ತಟ್ಟಿದರು. ಹದೀಚಾ ಬಾಗಿಲು ತೆರೆದು, ಎರಡು ಹೆಜ್ಜೆ ಹತ್ತಿರ ಬಂದು, "ಬನ್ನಿ ಬೀಗರೇ," ಎಂದು ಪಿಸುಗುಟ್ಟಿದರು.

"ಗಂಟಲು ಸರಿಯಿಲ್ವಾ?"

"ಗಂಟಲಿಗೇನಾಗಿದೆ. ಮಗು ಮಲಗಿದೆ," ಎಂದು ಅವರು ಅಡುಗೆಮನೆಗೆ ಹೋದರು.

ಅಂಗಳದ ಹಲಗೆಯ ಮೇಲೆ ಕೂತಿದ್ದ ಬಖ್ಮಲ್ ಬುವಿ ಮೇಷ್ಟರ ತೋಳು ಹಿಡಿದು ಎಳೆದರು. "ನಿನ್ನ ಯಂತ್ರ ಬಂದಾಗಿನಿಂದ ಈ ಮನೇಲಿ ನಂಗೊಂದೂ ಕೇಳ್ಸಲ್ಲ ಕಣಪ್ಪಾ. ಎಲ್ರೂ ಪಿಸಪಿಸ ಅಂತಾರೆ. ಯಾರ ಮನೇಲಿ ಜಗಳ ಆಯ್ತು, ಯಾರು ಹುಡುಗಿ ನೋಡಕ್ಕೆ ಬಂದ್ರು, ಒಂದೂ ಗೊತ್ತಾಗ್ತಿಲ್ಲ. ಸತ್ತಂಗಿದೀನಿ. ನಂಗೂ ಒಂದು ಬೋರ್ಡ್ ಹಾಕ್ಕೊಡು."

ನಸೀಬಾ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಪಕ್ಕದಲ್ಲಿ ತೊಟ್ಟಿಲು ನಿಂತಿತ್ತು, ಮಗು ಮಲಗಿತ್ತು. ಮೇಷ್ಟರು ಮಿಠಾಯಿ ಡಬ್ಬಿ ತೆರೆದು, ಹಸಿರು ಬೋರ್ಡನ್ನು ಅವಳ ಮಡಿಲಿಗೆ ಹಿಡಿದರು.

"ಇದಕ್ಕೆ ಎಲ್ಲಾ ಗೊತ್ತಾಗತ್ತಮ್ಮಾ. ಮಗುವಿನ ಅಳು ಬೇರೆ, ನಿಮ್ಮತ್ತೆ ದನಿ ಬೇರೆ."

"ಅತ್ತೆ ಜೋರಾಗಿ ಕೂಗಿದ್ರೂ ತೊಟ್ಟಿಲು ಅಲ್ಲಾಡಲ್ವಾ?"

"ಒಂದೆಳ್ಳಷ್ಟೂ ಅಲ್ಲಾಡಲ್ಲ."

ನಸೀಬಾ ಬಾಗಿಲ ಕಡೆ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ಮುಚ್ಚಿ ಅಪ್ಪನ ಕೈಗೆ ಇಟ್ಟಳು. "ಹಾಗಾದ್ರೆ ಬೇಡಪ್ಪಾ," ಎಂದಳು.

ಮೇಷ್ಟರಿಗೆ ಅರ್ಥವಾಗಲಿಲ್ಲ.

"ಮೊದ್ಲು ಅತ್ತೆ ಅಡುಗೆಮನೆಯಿಂದ ಕೂಗೋರು. ಈಗ ಕೂಗಿದ್ರೆ ತೊಟ್ಟಿಲು ಶುರುವಾಗತ್ತೆ, ಮಗು ಏಳತ್ತೆ, ಬುವಿ ನಗ್ತಾರೆ. ಅದಕ್ಕೆ ಏನಾದ್ರೂ ಹೇಳ್ಬೇಕು ಅಂದ್ರೆ ಇಲ್ಲೀತನಕ ನಡ್ಕೊಂಡ್ ಬರ್ತಾರೆ. ಮಂಡಿನೋವು ಅವರಿಗೆ. ಬಂದ್ಮೇಲೆ ಕೂತ್ಕೋತಾರೆ. ಕೂತ್ರೆ ಮಾತಾಡ್ತೀವಿ." ನಸೀಬಾ ಆಕಳಿಸಿದಳು. "ಮೊನ್ನೆ ಮಿಲ್ಲಿನ ಕಥೆ ಹೇಳಿದ್ರು. ಮಗ್ಗದ ಸದ್ದಲ್ಲಿ ಕೂಗಿ ಕೂಗಿ ಹಿಂಗಾಗಿದೀನಿ, ಇಷ್ಟು ವರ್ಷ ನಂಗೆ ಯಾರೂ ಹೇಳ್ಲಿಲ್ಲ, ಈ ಮರದ ತುಂಡು ಹೇಳ್ತು ಅಂದ್ರು. ಅತ್ತರಪ್ಪಾ ಅವತ್ತು."

"ಆದ್ರೂ ಇದು ದೊಡ್ಡ ಬೋರ್ಡು ಕಣಮ್ಮಾ," ಎಂದರು ಮೇಷ್ಟರು. ದನಿಯಲ್ಲಿ ನೋವಿತ್ತು. "ಆ ಕಪ್ಪು ಬೋರ್ಡು ಮಾಡ್ತಿರೋದು ತಪ್ಪು. ಸದ್ದಿನ ಗಾತ್ರ ಅಷ್ಟೇ ಅಳೆಯತ್ತೆ ಅದು, ಸದ್ದಿನ ಗುಣ ನೋಡಲ್ಲ. ಈಗ ಇದನ್ನ ತಗೋ, ಇದರಲ್ಲಿ ಮೊದಲಿಗೆ..."

ತಲೆಯೆತ್ತಿ ನೋಡಿದರೆ ನಸೀಬಾ ನಿದ್ದೆ ಹೋಗಿದ್ದಳು. ಈ ಸಲ ಕಣ್ಣು ಮುಚ್ಚಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆಯೇ.

ಅದೇ ಹೊತ್ತಿಗೆ ಹದೀಚಾ ಟೀ ತಟ್ಟೆ ಹಿಡಿದು ಒಳಗೆ ಬಂದರು. ನೆಂಟರು ಬಂದಿದ್ದಾರೆ, ಟೀ ಬಂದಿದೆ, ಬಗ್ಗಿಸಬೇಕಾದ ಸೊಸೆ ಗೊರಕೆ ಹೊಡೆಯುತ್ತಿದ್ದಾಳೆ. ಇದಕ್ಕಿಂತ ದೊಡ್ಡ ನಾಚಿಕೆ ಆ ಊರಿನಲ್ಲಿ ಇನ್ನೊಂದಿಲ್ಲ. ಮೇಷ್ಟರು ಅವಳ ಭುಜ ಮುಟ್ಟಿ ಎಬ್ಬಿಸಲು ಕೈ ಚಾಚಿದರು.

ಹದೀಚಾ ಆ ಕೈಯನ್ನು ತಡೆದರು. ಸೊಸೆಯನ್ನು ನೋಡಿದರು, ತೊಟ್ಟಿಲನ್ನು ನೋಡಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತು, ಮೇಷ್ಟರ ಕಿವಿಯ ಹತ್ತಿರ ಬಗ್ಗಿದರು.

"ಮಲಗ್ಲಿ ಬಿಡಿ ಬೀಗರೇ. ಟೀ ನಾನೇ ಹಾಕ್ತೀನಿ."

ನೆಂಟರಿಗೆ ಅರ್ಧ ಬಟ್ಟಲು ಕೊಡುವುದೇ ಮರ್ಯಾದೆ; ಅದಕ್ಕೆ ತಕ್ಕಂತೆ ಅರ್ಧ ಮಾತ್ರ ಬಗ್ಗಿಸಿ ಮುಂದಿಟ್ಟರು. ಮೇಷ್ಟರಿಗೆ ಕಣ್ಣು ಮಂಜಾಗಿ ಬಟ್ಟಲು ಸರಿಯಾಗಿ ಕಾಣಲಿಲ್ಲ.

"ಅದೇನು ಡಬ್ಬಿ?" ಎಂದರು ಹದೀಚಾ.

"ಏನಿಲ್ಲ, ಬುವಿಗೆ," ಎಂದು ಮೇಷ್ಟರು ಪಿಸುಗುಟ್ಟಿ, ಹಸಿರು ಬೋರ್ಡಿನ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಟೀ ಸುಡುತ್ತಿತ್ತು. ಸೊರ್ ಎಂದು ಹೀರಿದರೆ ತೊಟ್ಟಿಲಿಗೆ ಕೇಳಿಸೀತೆಂದು ಊದಿ ಊದಿ ಕುಡಿದರು.